ಪೈಪು ಸುತ್ತೋ ರೀಲು, ಐದು ಸಾವಿರದೊಳಗೆ

ಪೈಪು ಸುತ್ತಿಡೋದರ ಬಗ್ಗೆ ಲೇಖನ ಬರೀತೀವಿ ಅಂತ ಗ್ರೂಪಲ್ಲಿ ಹಾಕಿದಾಗ ಬಂದದ್ದು ಬರೀ ನಗುವ ಎಮೋಜಿಗಳು. ಕಥೆ, ಕವನ, ಕೊನೆಗೆ ಹಾಸ್ಟೆಲ್ ಸಾಂಬಾರಿನ ಬಗ್ಗೆ ಆದರೂ ಬರೀರಪ್ಪ ಅಂದರು. ಸಾಂಬಾರಿನ ಬಗ್ಗೆ ಹೇಳೋದೆಲ್ಲ ಸೀನಿಯರ್‌ಗಳು ಹೇಳಿ ಮುಗಿಸಿದ್ದಾರೆ. ಗಾಳಿ ಪೈಪಿನ ಬಗ್ಗೆ ಮಾತ್ರ ಕನ್ನಡದಲ್ಲಿ ಒಂದು ಪುಟವೂ ನಮಗೆ ಸಿಗಲಿಲ್ಲ. ಪಂಕ್ಚರ್ ಅಂಗಡಿ, ಗ್ಯಾರೇಜು, ಪೇಂಟಿಂಗ್ ಬೂತು, ಮರಗೆಲಸದ ಶೆಡ್ಡು, ಎಲ್ಲಿ ನೋಡಿದರೂ ಅದು ನೆಲದ ಮೇಲೆ ಬಿದ್ದಿರುತ್ತೆ, ಎಲ್ಲರೂ ದಾಟಿಕೊಂಡು ಓಡಾಡ್ತಾರೆ. ಒಂದು ದಿನ ಯಾರೋ ಒಬ್ಬರು ದಾಟೋದಿಲ್ಲ.

ನಾವು ಅಂದರೆ ನಾಲ್ವರು. ಮೂವರು ಮೆಕ್ಯಾನಿಕಲ್, ಒಬ್ಬಳು ಸಿಎಸ್, ಎಲ್ಲರೂ ಆರನೇ ಸೆಮ್. ನಮ್ಮಲ್ಲೊಬ್ಬನ ಮನೆ ದಾವಣಗೆರೆಯಲ್ಲಿ. ಮನೆಗೆ ಅಂಟಿಕೊಂಡು ಒಂದು ಶೀಟಿನ ಶೆಡ್ಡು, ಹದಿನೆಂಟು ಅಡಿ ಉದ್ದ, ಹನ್ನೊಂದು ಅಡಿ ಅಗಲ. ಅಲ್ಲಿ ಅವನ ಅಪ್ಪ ಸೋಫಾ ಕುಶನ್ ಕೆಲಸ ಮಾಡ್ತಾರೆ. ಮೊದಲು ಬಾಡಿಗೆ ಅಂಗಡಿ ಇತ್ತು, ಬಾಡಿಗೆ ಏರಿದ ಮೇಲೆ ಸಾಮಾನೆಲ್ಲ ಮನೆಗೇ ಬಂತು. ಮಗ ಅಪ್ಪಾಜಿ ಅಂತಾನೆ, ಹಾಗಾಗಿ ನಾವೂ ಅಪ್ಪಾಜಿ ಅಂತಲೇ ಕರೀತೀವಿ. ಕಾಲೇಜಿನ ವರ್ಕ್‌ಶಾಪ್ ಐದಕ್ಕೆ ಬೀಗ ಹಾಕುತ್ತೆ. ನಮ್ಮ ಗೋ-ಕಾರ್ಟ್ ಕೆಲಸ ಶುರುವಾಗೋದೇ ಐದರ ಮೇಲೆ. ಬಾಡಿಗೆ ಕೇಳದೆ ಜಾಗ ಕೊಟ್ಟವರು ಅಪ್ಪಾಜಿ. ಕಾರ್ಟಿನ ಚಾಸಿಗೆ ಬಣ್ಣ ಹೊಡೆದದ್ದೂ ಅವರ ಕಂಪ್ರೆಸರ್ ಗಾಳಿಯಲ್ಲೇ.

ಹೋದ ವರ್ಷ ಆಷಾಢದಲ್ಲಿ ಅಪ್ಪಾಜಿ ಆ ಪೈಪಿಗೇ ಕಾಲು ಸಿಕ್ಕಿ ಬಿದ್ದರು. ಕೈಯಲ್ಲಿ ಸೋಫಾದ ಒಂದು ತೋಳು ಇತ್ತು, ಅದನ್ನ ಬಿಡಲಿಲ್ಲ, ಎಡ ಭುಜ ನೆಲಕ್ಕೆ ಬಡೀತು. ಮೂಳೆ ಕೂಡಿತು. ಆದರೆ ಎಡಗೈ ಈಗಲೂ ಭುಜದಿಂದ ಮೇಲಕ್ಕೆ ಸರಿಯಾಗಿ ಏಳಲ್ಲ, ಒತ್ತಿ ತಿರುಗಿಸೋ ಕೆಲಸ ಆಗಲ್ಲ. ಕುಶನ್ ಕೆಲಸಕ್ಕೆ ಶ್ರಾವಣದಿಂದ ದೀಪಾವಳಿವರೆಗೆ ಸೀಸನ್. ಆ ವರ್ಷದ ಸೀಸನ್ನಿನಲ್ಲಿ ಅರ್ಧ ಹಾಸಿಗೆ ಮೇಲೇ ಹೋಯಿತು. ಆದ್ದರಿಂದ ನಮಗೆ ಈ ರೀಲು ಶೋಕಿಯ ಸಾಮಾನಲ್ಲ. ತಲಾ 1,250 ಹಾಕಿ 5,000 ಮಾಡಿಕೊಂಡೆವು. ಫಿಟ್ಟಿಂಗ್, ಬೋಲ್ಟು ಎಲ್ಲಾ ಅದರಲ್ಲೇ ಆಗಬೇಕು. ಬಾಡಿಗೆ ಅಂತ ತಿಳ್ಕೊಳ್ಳಿ ಅಂದಿದ್ದಕ್ಕೆ ಅಪ್ಪಾಜಿ ಒಪ್ಪಿದರು, ಮನಸ್ಸಿಲ್ಲದೆ.

"ಏನ್ರಪಾ, ಪೈಪ್ ಸುತ್ತಾಕೆ ಐದ್ ಸಾವ್ರ ಯಾಕೆ? ಗೋಡೆಗೆ ಎರಡು ಮೊಳೆ ಹೊಡುದ್ರೆ ಆತು."

ಈ ಮಾತನ್ನ ತಳ್ಳಿಹಾಕೋ ಹಾಗಿಲ್ಲ. ಗೋಡೆಗೆ ಎರಡು ಮೊಳೆ, ಅಥವಾ ಗುಜರಿಯಿಂದ ತಂದ ಹಳೇ ಸ್ಕೂಟರ್ ರಿಮ್ಮು ಒಂದನ್ನ ಗೋಡೆಗೆ ಹೊಡೆದು ಅದರ ಮೇಲೆ ಪೈಪು ಸುತ್ತಿಟ್ಟರೆ ಖರ್ಚು ನೂರೈವತ್ತು ರೂಪಾಯಿ. ದಿನಕ್ಕೆ ಎರಡು ಸಲ ಪೈಪು ಬಳಸೋ ಮನೆಗೆ ಅದೇ ಸಾಕು, ಮುಂದೆ ಓದೋದೂ ಬೇಡ. ಆದರೆ ಅಪ್ಪಾಜಿ ದಿನಕ್ಕೆ ಎಷ್ಟು ಸಲ ಪೈಪು ಎಳೀತಾರೆ ಅಂತ ಒಂದು ಶನಿವಾರ ಕೂತು ಎಣಿಸಿದೆವು. ಸಂಜೆ ಆರಕ್ಕೆ 34 ಆಗಿತ್ತು. ದಿನಕ್ಕೆ 34 ಸಲ ಯಾವ ಮನುಷ್ಯನೂ ಪೈಪನ್ನ ಬಿಚ್ಚಿ, ಬಳಸಿ, ಮತ್ತೆ ಸುತ್ತಿ ಮೊಳೆಗೆ ಹಾಕಲ್ಲ. ಮೊದಲ ಎರಡು ದಿನ ಹಾಕ್ತಾನೆ. ಮೂರನೇ ದಿನ ಪೈಪು ನೆಲದ ಮೇಲೇ.

ಅಮ್ಮನ ಮಾತು ಇನ್ನೂ ಚಿಕ್ಕದು. "ರೊಕ್ಕ ಎಷ್ಟಾದ್ರೂ ಆಗ್ಲಿ, ನೆಲದ ಮ್ಯಾಲೆ ಪೈಪ್ ಇರಬಾರ್ದು ನೋಡ್ರಪಾ." ಅಡುಗೆಮನೆ ಹಿಂಬಾಗಿಲಿಂದ ಬಟ್ಟೆ ಒಗೆಯೋ ಕಲ್ಲಿಗೆ ಹೋಗೋ ದಾರಿ ಶೆಡ್ಡಿನ ಒಳಗೇ ಇದೆ. ತುಂಬಿದ ಬಕೆಟ್ ಹಿಡಿದವರಿಗೆ ಕಾಲ ಬುಡ ಕಾಣಲ್ಲ. ಇಷ್ಟು ಕ್ಲಿಯರ್ ಆದ ರಿಕ್ವೈರ್‌ಮೆಂಟ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ಪೇಪರಲ್ಲೂ ನೋಡಿಲ್ಲ ಅಂದಳು ನಮ್ಮ ಸಿಎಸ್ ಗೆಳತಿ.

ಅಂಗಡಿಗೆ ಹೋಗೋಕೆ ಮುಂಚೆ ಸೀಮೆಸುಣ್ಣ ಹಿಡಿದು ಶೆಡ್ಡಿನ ನೆಲದ ಮೇಲೆ ಗೆರೆ ಎಳೆದೆವು. ಅಮ್ಮನ ದಾರಿ ಒಂದು ಗೆರೆ. ಅಪ್ಪಾಜಿ ಕೂತು ಪಿನ್ ಹೊಡೆಯೋ ಜಾಗ ಒಂದು ಗುರುತು, ಕಟ್ಟಿಗೆಗೆ ಪಾಲಿಶ್ ಸ್ಪ್ರೇ ಮಾಡೋ ಮೂಲೆ ಇನ್ನೊಂದು, ದೊಡ್ಡ ಸೋಫಾ ಒಳಗೆ ಹಿಡಿಸದಿದ್ದಾಗ ಹೊರಗೆ ಜಗಲಿ ಮೇಲೆ ಇಡೋ ಜಾಗ ಮೂರನೇದು. ರೀಲು ಎಲ್ಲಿದ್ದರೆ ಈ ಮೂರೂ ಜಾಗಕ್ಕೆ ಹೋಗೋ ಪೈಪು ಅಮ್ಮನ ಗೆರೆಯನ್ನ ಒಂದು ಸಲವೂ ದಾಟಲ್ಲ? ಅಂಥ ಗೋಡೆ ಒಂದೇ ಸಿಕ್ಕಿತು, ಮನೆ ಕಡೆಯ ಗೋಡೆ, ಕಿಟಕಿ ಮೇಲೆ. ಅಲ್ಲಿಂದ ದಾರ ಹಿಡಿದು ಅಳೆದರೆ ಅತೀ ದೂರದ ಜಾಗಕ್ಕೆ 8.2 ಮೀಟರ್. ಈ ಒಂದು ಅಳತೆಯಿಂದ ನಮಗೆ ಒಂದು ಸಾವಿರಕ್ಕೂ ಹೆಚ್ಚು ಉಳೀತು, ಯಾಕಂದ್ರೆ ಎಲ್ಲ ಅಂಗಡಿಯವರೂ ತೋರಿಸ್ತಾ ಇದ್ದದ್ದು 15 ಮೀಟರ್ ರೀಲು. "ಉದ್ದ ಇದ್ರೆ ಒಳ್ಳೇದೇ ಅಲ್ವಾ ಸಾರ್" ಅಂತ. ಅಲ್ಲ. ಉದ್ದ ಇದ್ದಷ್ಟೂ ಸ್ಪ್ರಿಂಗು ಬಿಗಿ, ಡಬ್ಬಿ ಭಾರ, ತುದಿಯಲ್ಲಿ ಗಾಳಿ ಕಡಿಮೆ. 10 ಮೀಟರ್ ಅಂತ ನಿಕ್ಕಿ ಮಾಡಿಕೊಂಡೆವು.

ಈಗ ಗಾಳಿಯ ಲೆಕ್ಕ. ಎರಡನೇ ವರ್ಷದ ಫ್ಲೂಯಿಡ್ ಮೆಕ್ಯಾನಿಕ್ಸ್ ನೆನಪಿರೋರು ಸ್ವಲ್ಪ ತಾಳಿ, ಇಲ್ಲದೋರೂ ತಾಳಿ. ಪೈಪಿನೊಳಗೆ ಗಾಳಿ ಓಡುವಾಗ ಗೋಡೆಗೆ ಉಜ್ಜಿ ಒತ್ತಡ ಕಳ್ಕೊಳ್ಳುತ್ತೆ. ಡಾರ್ಸಿ–ವೈಸ್‌ಬಾಕ್ ಸೂತ್ರದಲ್ಲಿ ನಷ್ಟ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಅಷ್ಟೇ ಗಾಳಿ ಕಿರಿದಾದ ಪೈಪಲ್ಲಿ ಹೋಗಬೇಕಾದರೆ ವೇಗ ವ್ಯಾಸದ ವರ್ಗಕ್ಕೆ ವಿಲೋಮ. ಅದರ ಮೇಲೆ ಸೂತ್ರದಲ್ಲೇ ಇನ್ನೊಂದು ವ್ಯಾಸ ಕೆಳಗೆ ಕೂತಿದೆ. ಒಟ್ಟು ಸೇರಿಸಿದರೆ ನಷ್ಟ ಒಳವ್ಯಾಸದ ಐದನೇ ಘಾತಕ್ಕೆ ವಿಲೋಮ. ಪರೀಕ್ಷೆಯಲ್ಲಿ ಇದನ್ನ ಡಿರೈವ್ ಮಾಡಿ ಹತ್ತು ಅಂಕ ತಗೊಂಡಿದ್ದೇವೆ. ಆದರೆ ಐದನೇ ಘಾತ ಅಂದರೆ ಏನು ಅಂತ ಮೈಗೆ ಹತ್ತಿದ್ದು ಹಾರ್ಡ್‌ವೇರ್ ಅಂಗಡಿಯ ಕೌಂಟರ್ ಮುಂದೆ.

ಅಪ್ಪಾಜಿಯ ಸ್ಪ್ರೇ ಗನ್ ಡಬ್ಬಿ ಮೇಲೆ 7 ಸಿಎಫ್‌ಎಂ ಅಂತ ಇದೆ, ಅಂದರೆ ನಿಮಿಷಕ್ಕೆ ಸುಮಾರು 200 ಲೀಟರ್ ಗಾಳಿ. ಗನ್ನಿನ ಬಾಯಲ್ಲಿ 40 ಪಿಎಸ್‌ಐ ಬೇಕು. 15 ಮೀಟರ್ ಪೈಪಿಗೆ ಲೆಕ್ಕ ಹಾಕಿದೆವು. ಒಳವ್ಯಾಸ 9.5 ಮಿ.ಮೀ. ಇದ್ದರೆ ಈ ತುದಿಯಲ್ಲಿ ಸುಮಾರು 42 ಕೊಟ್ಟರೆ ಸಾಕು. 8 ಮಿ.ಮೀ.ಗೆ 44. 6.5ಕ್ಕೆ 51ರ ಹತ್ತಿರ. 5 ಮಿ.ಮೀ. ಪೈಪಾದರೆ 70 ದಾಟುತ್ತೆ. 8ರಿಂದ 5ಕ್ಕೆ ಇಳಿದದ್ದು ಬರೀ ಮೂರು ಮಿಲಿಮೀಟರ್. ನಷ್ಟ 4ರಿಂದ 30ರ ಆಚೆಗೆ. ಕಪ್ಲರ್, ಬೆಂಡು, ರೀಲಿನೊಳಗಿನ ಕಿರಿದಾದ ದಾರಿ ಇವನ್ನ ಇನ್ನೂ ಸೇರಿಸಿಲ್ಲ. ಪಾಲಿಶ್ ಹನಿಹನಿಯಾಗಿ ಬಿದ್ದು ಕಿತ್ತಳೆ ಸಿಪ್ಪೆ ಥರ ಮೇಲ್ಮೈ ಬಂದರೆ ಜನ ಗನ್ ಸರಿ ಇಲ್ಲ ಅಂತಾರೆ, ಥಿನ್ನರ್ ಸರಿ ಇಲ್ಲ ಅಂತಾರೆ. ಕಳ್ಳ ಎಷ್ಟೋ ಸಲ ಪೈಪಿನೊಳಗೇ ಇರ್ತಾನೆ.

ಪಿನ್ ಹೊಡೆಯೋ ಗನ್ನಿಗೆ ಈ ತಲೆನೋವಿಲ್ಲ. ಒಂದು ಪಿನ್ನಿಗೆ ಒಂದು ಲೀಟರಿಗಿಂತ ಕಡಿಮೆ ಗಾಳಿ, ಅದೂ ಬಿಟ್ಟು ಬಿಟ್ಟು. ನಿಮ್ಮ ಮನೆಯಲ್ಲಿ ಬರೀ ಪಿನ್ ಗನ್ನು, ಧೂಳು ಊದೋ ಗನ್ನು, ಗಾಡಿ ಟೈರು ಇಷ್ಟೇ ಆದರೆ 6.5 ಮಿ.ಮೀ. ಧಾರಾಳ ಆಯ್ತು. ದೊಡ್ಡದು ತಗೊಂಡು ದುಡ್ಡು, ಭಾರ ಎರಡೂ ಹೊರಬೇಡಿ.

ಅಂಗಡಿಯಲ್ಲಿ ಒಂದು ಗೊಂದಲ ಎಲ್ಲರಿಗೂ ಕಾದಿರುತ್ತೆ. "8 ಎಂಎಂ ಪೈಪ್" ಅಂತ ಕೇಳಿದರೆ ಎರಡು ಬೇರೆ ಬೇರೆ ಪೈಪು ಬರುತ್ತವೆ. ನೀಲಿ, ಹೊಳೆಯೋ ಪಾಲಿಯುರೇಥೇನ್ ಟ್ಯೂಬಿನಲ್ಲಿ 8 ಅನ್ನೋದು ಹೊರವ್ಯಾಸ, ಮೇಲೆ 8×5 ಅಂತ ಅಚ್ಚಾಗಿರುತ್ತೆ, ಒಳಗೆ ಗಾಳಿಗೆ ಸಿಗೋದು 5. ರೀಲಿನ ಒಳಗೆ ಬರೋ ದಪ್ಪ, ಮಾಸಲು ಪೈಪಿನ ಮೇಲೆ 8×12 ಅಂತಿರುತ್ತೆ, ಅಲ್ಲಿ 8 ಒಳವ್ಯಾಸ. ಒಂದು ಕಡೆ ದೊಡ್ಡ ಸಂಖ್ಯೆ ಮೊದಲು, ಇನ್ನೊಂದು ಕಡೆ ಚಿಕ್ಕದು ಮೊದಲು. ನಾವು ನೋಡಿದ ಅಗ್ಗದ ರೀಲುಗಳಲ್ಲಿ ಎರಡರ ಡಬ್ಬಿ ಮೇಲೆ ದಪ್ಪಕ್ಷರದಲ್ಲಿ 8 ಎಂಎಂ ಅಂತಷ್ಟೇ ಇತ್ತು, ಯಾವ 8 ಅಂತ ಹೇಳಿರಲಿಲ್ಲ. ವರ್ನಿಯರ್ ಕ್ಯಾಲಿಪರ್ ಜೇಬಲ್ಲೇ ಇತ್ತು. ಪೈಪಿನ ತುದಿಯ ಫಿಟ್ಟಿಂಗ್ ಬಿಚ್ಚಿ ತೋರಿಸಿ ಅಂದೆವು. ಒಬ್ಬ ಅಂಗಡಿಯವರು ಬಿಚ್ಚಿದರು, ಇನ್ನೊಬ್ಬರು ನಮ್ಮನ್ನೇ ಬಿಚ್ಚಿ ಕಳಿಸಿದರು ಅನ್ನಿ.

ಒತ್ತಡದ ಅಂಕಿಯಲ್ಲೂ ಇದೇ ಆಟ. ಡಬ್ಬಿ ಮೇಲೆ 60 ಬಾರ್ ಅಂತ ಕಂಡರೆ ಅದು ಪೈಪು ಸಿಡಿಯೋ ಒತ್ತಡ. ಕೆಲಸದ ಒತ್ತಡ ಸಾಮಾನ್ಯವಾಗಿ ಅದರ ಮೂರನೇ ಅಥವಾ ನಾಲ್ಕನೇ ಒಂದು ಪಾಲು, ಅದನ್ನ ಚಿಕ್ಕಕ್ಷರದಲ್ಲಿ ಹುಡುಕಬೇಕು. ಆ ಅಂಕಿಯೂ ತಂಪು ಕೋಣೆಯದ್ದು. ಪಿವಿಸಿ, ಪಾಲಿಯುರೇಥೇನ್ ಎರಡೂ ಬಿಸಿಗೆ ಮೆತ್ತಗಾಗಿ ತಡೆಯೋ ಶಕ್ತಿ ಕಳ್ಕೊಳ್ತವೆ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಶೀಟಿನ ಕೆಳಗೆ ನಿಂತು ನೋಡಿದರೆ ಈ ಮಾತು ಬೇಗ ಅರ್ಥ ಆಗುತ್ತೆ. ಅಪ್ಪಾಜಿಯ ಕಂಪ್ರೆಸರ್ 8 ಬಾರಿಗೆ ಕಟ್ ಆಗುತ್ತೆ. ಕೆಲಸದ ಒತ್ತಡ 15 ಬಾರ್ ಇಲ್ಲದ ಪೈಪು ಬೇಡ ಅಂತ ನಾವೇ ಒಂದು ಗೆರೆ ಹಾಕ್ಕೊಂಡೆವು. ಪಕ್ಕಾ ರಬ್ಬರ್ ಪೈಪು ಬಿಸಿಗೂ ಉಜ್ಜಾಟಕ್ಕೂ ಚೆನ್ನಾಗಿ ತಡೆಯುತ್ತೆ, ಆದರೆ ಭಾರ. ಭುಜ ನೋಯೋ ಮನುಷ್ಯನ ಕೈಗೆ ಅದು ಬೇಡ ಅನ್ನಿಸಿತು. ಪಿವಿಸಿಗೆ ರಬ್ಬರ್ ಬೆರೆಸಿ ಮಾಡಿದ ಪೈಪನ್ನ ಹೈಬ್ರಿಡ್ ಅಂತ ಮಾರ್ತಾರೆ. ಅದು ಮಧ್ಯದ ದಾರಿ.

ಒಂದು ವಿಷಯ ಇಲ್ಲೇ ಹೇಳಿಬಿಡ್ತೀವಿ, ಯಾಕಂದ್ರೆ ನಮ್ಮ ಕ್ಯಾಂಪಸ್ಸಿನ ಪ್ರಾಜೆಕ್ಟುಗಳಲ್ಲೇ ಈ ಐಡಿಯಾ ಬರ್ತಾ ಇರುತ್ತೆ. ನೀರಿಗೆ ಹಾಕೋ ಬಿಳಿ ಪಿವಿಸಿ ಗಟ್ಟಿ ಪೈಪಲ್ಲಿ ಕಂಪ್ರೆಸರ್ ಗಾಳಿ ಓಡಿಸಬೇಡಿ. ನೀರು ಒಡೆದರೆ ಸೋರುತ್ತೆ. ಗಾಳಿ ಒಡೆದರೆ ಅದುಮಿಟ್ಟ ಶಕ್ತಿಯೆಲ್ಲ ಒಂದೇ ಸಲ ಬಿಡುಗಡೆ ಆಗಿ ಪೈಪು ಚೂರಾಗಿ ಹಾರುತ್ತೆ.

ಇನ್ನು ರೀಲಿನ ಜಾತಿಗಳು. ಮಾರ್ಕೆಟ್ಟಲ್ಲಿ ಕಂಡದ್ದು ಮೂರು.

ಸುರುಳಿ ಪೈಪಿಗೆ ರೀಲೇ ಬೇಡ, ತಾನೇ ಮುದುಡಿಕೊಳ್ಳುತ್ತೆ, ಕೆಲವು ನೂರು ರೂಪಾಯಿಗೆ ಸಿಗುತ್ತೆ. ಟೇಬಲ್ ಮೇಲೆ ಧೂಳು ಊದೋಕೆ ಚೆನ್ನ. ಆದರೆ ನಮಗೆ ಸಿಕ್ಕಿದವೆಲ್ಲ 5 ಅಥವಾ 6.5 ಒಳವ್ಯಾಸದ್ದು. ಬಿಚ್ಚಿ ಅಳೆದರೆ ಕಾಣೋ ಉದ್ದಕ್ಕಿಂತ ಪೈಪು ಎಷ್ಟೋ ಜಾಸ್ತಿ. ಮೇಲಾಗಿ ಅದು ಕೈಯಲ್ಲಿರೋ ಗನ್ನನ್ನ ಸದಾ ಹಿಂದಕ್ಕೆ ಎಳೀತಾ ಇರುತ್ತೆ. ಒಂದು ಸೋಫಾಗೆ ನೂರಾರು ಪಿನ್ ಹೊಡೆಯೋರ ಮಣಿಕಟ್ಟಿಗೆ ಆ ಎಳೆತ ಬೇಡ.

ಕೈಯಲ್ಲಿ ತಿರುಗಿಸೋ ರೀಲು ನಮ್ಮ ಮನಸ್ಸಿಗೆ ಹತ್ತಿರ. ಉಕ್ಕಿನ ಚೌಕಟ್ಟು, ಒಂದು ಡ್ರಮ್ಮು, ಹ್ಯಾಂಡಲು, ನಡುವೆ ಒಂದು ಸ್ವಿವೆಲ್. ಕೆಡೋಕೆ ಜಾಗವೇ ಇಲ್ಲ. ಅದೇ ದುಡ್ಡಿಗೆ 9.5 ಮಿ.ಮೀ. ಪೈಪೂ ಸಿಗುತ್ತೆ. ಎರಡು ಕೈಯೂ ಗಟ್ಟಿ ಇರೋರು ಐದು ಸಾವಿರದೊಳಗೆ ರೀಲು ಕೇಳಿದರೆ ನಾವು ಇದನ್ನೇ ತೋರಿಸ್ತೀವಿ. ಸ್ಕೂಟರ್ ರಿಮ್ಮಿಗೆ ಹಿತ್ತಾಳೆ ಸ್ವಿವೆಲ್ ಕೂರಿಸಿ ನಾವೇ ಮಾಡೋಣ ಅಂತ ಒಬ್ಬ ಸ್ಕೆಚ್ಚೂ ಹಾಕಿದ, ಕಾರ್ಟ್ ಟೀಮಿಗೆ ಅದನ್ನ ಮಾಡೋದು ಖಂಡಿತ. ಆದರೆ ಹ್ಯಾಂಡಲ್ ತಿರುಗಿಸೋ ಕೈ ಒಂದಾದರೆ ಪೈಪು ಒಂದರ ಪಕ್ಕ ಒಂದು ಕೂರೋ ಹಾಗೆ ದಾರಿ ತೋರಿಸೋ ಕೈ ಇನ್ನೊಂದು ಬೇಕು. ಅಪ್ಪಾಜಿಗೆ ಆ ಇನ್ನೊಂದು ಕೈ ಭುಜದ ಮಟ್ಟಕ್ಕೆ ಏಳಲ್ಲ. ದಿನಕ್ಕೆ 34 ಸಲ ಬೇರೆ. ಪುಸ್ತಕದ ಪ್ರಕಾರ ಒಳ್ಳೇ ಡಿಸೈನು ಈ ಮನೆಯಲ್ಲಿ ಕೆಲಸಕ್ಕೆ ಬರಲ್ಲ.

ಹಾಗಾಗಿ ಉಳಿದದ್ದು ಸ್ಪ್ರಿಂಗ್ ರೀಲು. ಎಳೆದರೆ ಬರುತ್ತೆ, ಟಕ್ ಟಕ್ ಅಂತ ಲಾಕ್ ಆಗುತ್ತೆ, ಇನ್ನೊಂಚೂರು ಎಳೆದು ಬಿಟ್ಟರೆ ಒಳಗೆ ಹೋಗುತ್ತೆ. ಒಳಗಿರೋದು ಹಳೇ ಕೀ ಗಡಿಯಾರದಲ್ಲಿರೋ ಹಾಗೆ ಚಪ್ಪಟೆ ಸುರುಳಿ ಸ್ಪ್ರಿಂಗು, ಪಕ್ಕದಲ್ಲಿ ಒಂದು ರ‍್ಯಾಚೆಟ್. ನಾವು ಹೋದ ಅಂಗಡಿಗಳಲ್ಲಿ ಇವುಗಳ ಬೆಲೆ ಮೂರೂವರೆಯಿಂದ ಏಳು ಸಾವಿರದವರೆಗೆ ಇತ್ತು. ಎಲ್ಲ ಹೊರಗಿಂದ ಒಂದೇ ಥರ, ಬಸವನಹುಳು ಆಕಾರದ ಪ್ಲಾಸ್ಟಿಕ್ ಡಬ್ಬಿ. ವ್ಯತ್ಯಾಸ ಒಳಗೆ.

ಮೊದಲು ನೋಡಿದ್ದು ಸ್ವಿವೆಲ್. ಡ್ರಮ್ಮು ತಿರುಗುತ್ತೆ, ಗಾಳಿ ಬರೋ ಪೈಪು ತಿರುಗಲ್ಲ, ಇವೆರಡರ ನಡುವೆ ಸೋರದ ಹಾಗೆ ತಿರುಗೋ ಸಂದು ಅದು. ಅಲ್ಲಿ ಒಂದೋ ಎರಡೋ ಓ-ರಿಂಗ್ ಇರುತ್ತೆ. ಅಗ್ಗದ ರೀಲಿನ ಆಯಸ್ಸು ತೀರ್ಮಾನ ಆಗೋದು ಬಹುಪಾಲು ಇಲ್ಲೇ. ಸ್ವಿವೆಲ್ ಪ್ಲಾಸ್ಟಿಕ್ಕೋ ಹಿತ್ತಾಳೆಯೋ, ಒಂದು ಕ್ಲಿಪ್ ತೆಗೆದರೆ ಹೊರಗೆ ಬರುತ್ತೋ ಅಥವಾ ಇಡೀ ಡಬ್ಬಿ ಬಿಚ್ಚಬೇಕೋ? ಇಡೀ ಡಬ್ಬಿ ಬಿಚ್ಚೋದಾದರೆ ಬೇಡ, ಯಾಕಂದ್ರೆ ಒಳಗೆ ಬಿಗಿದಿಟ್ಟ ಸ್ಪ್ರಿಂಗು ಹೊರಗೆ ಹಾರಿದರೆ ಕೈ ಕುಯ್ಯುತ್ತೆ. ಹೊರಗಿಂದಲೇ ಓ-ರಿಂಗ್ ಬದಲಾಯಿಸೋಕೆ ಆಗೋದು, ಹಿತ್ತಾಳೆ ಸ್ವಿವೆಲ್ ಇರೋದು ನಾವು ನೋಡಿದ ಏಳರಲ್ಲಿ ಮೂರೇ.

ಆಮೇಲೆ ಎಳೆಯೋ ಬಲ. ಇದಕ್ಕೆ ಸಿಎಸ್ ಗೆಳತಿ ಊರಿಗೆ ಹೋಗುವಾಗ ಲಗೇಜ್ ತೂಗೋ ಕೈ ತಕ್ಕಡಿ ತಂದಿದ್ದಳು. ಪೈಪಿನ ತುದಿಗೆ ಅದನ್ನ ಸಿಕ್ಕಿಸಿ, ಪೂರ್ತಿ ಎಳೆದು ಓದಿದೆವು. ಅಂಗಡಿಯವರು ನಕ್ಕರು, ಆಮೇಲೆ ತಾವೇ ಬಂದು ಎಷ್ಟು ಬಂತು ಅಂತ ನೋಡಿದರು. 15 ಮೀಟರಿನ ಒಂದು ರೀಲು ಕೊನೆಯಲ್ಲಿ 9 ಕೆಜಿ ತೋರಿಸಿತು, 10 ಮೀಟರಿಂದು 6ರ ಆಸುಪಾಸು. ದಿನಕ್ಕೆ ಮೂವತ್ತು ಸಲ ಒಂದೇ ಕೈಯಲ್ಲಿ ಎಳೆಯೋರಿಗೆ ಈ ಮೂರು ಕೆಜಿ ದೊಡ್ಡ ವಿಷಯ. ಯಾವ ಡಬ್ಬಿ ಮೇಲೂ ಈ ಅಂಕಿ ಬರೆದಿರಲಿಲ್ಲ.

ಮೂರನೇದು ತ್ರೆಡ್ಡು. ನಮ್ಮ ದೇಶದ ಫಿಟ್ಟಿಂಗ್ ಎಲ್ಲ ಹೆಚ್ಚಾಗಿ ಬಿಎಸ್‌ಪಿ. ಅಮೆರಿಕದ ಮಾರ್ಕೆಟ್ಟಿಗೆ ಅಂತ ಮಾಡಿದ ರೀಲುಗಳಲ್ಲಿ ಎನ್‌ಪಿಟಿ ಇರುತ್ತೆ. ಕಾಲಿಂಚು ಸೈಜಿನಲ್ಲಿ ಬಿಎಸ್‌ಪಿಗೆ ಇಂಚಿಗೆ 19 ಎಳೆ, ಎನ್‌ಪಿಟಿಗೆ 18. ಕೋನವೂ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಒಂದೆರಡು ಸುತ್ತು ಕೂತು ಬಿಗಿಯಾಗುತ್ತೆ, ಸರಿಹೋಯ್ತು ಅನ್ನಿಸುತ್ತೆ, ಎಷ್ಟು ಟೆಫ್ಲಾನ್ ಟೇಪು ಸುತ್ತಿದರೂ ಸೋರುತ್ತೆ. ಜೋರು ಮಾಡಿದರೆ ಎಳೆ ಹೋಗುತ್ತೆ. ಆನ್‌ಲೈನಲ್ಲಿ ತರಿಸೋರು ಇದನ್ನ ಮೊದಲೇ ಕೇಳ್ಕೊಳ್ಳಿ. ಕಪ್ಲರಿನಲ್ಲಿ ಎಸ್‌ಎಂ, ಪಿಎಫ್, ಎಸ್‌ಎಚ್ ಅಂತ ಕೋಡು ಇರುತ್ತೆ: ಎಸ್ ಅಂದರೆ ಸಾಕೆಟ್ಟು, ಪಿ ಅಂದರೆ ಪ್ಲಗ್ಗು, ಎಂ ಹೊರ ತ್ರೆಡ್ಡು, ಎಫ್ ಒಳ ತ್ರೆಡ್ಡು, ಎಚ್ ಪೈಪು ತೂರಿಸೋದು. ಇಷ್ಟು ಗೊತ್ತಿದ್ದರೆ ಕೌಂಟರ್ ಮುಂದೆ ಕೈಸನ್ನೆ ಮಾಡೋದು ತಪ್ಪುತ್ತೆ.

ಕೊನೆಗೆ ತಗೊಂಡದ್ದು 10 ಮೀಟರ್, 8×12 ಹೈಬ್ರಿಡ್ ಪೈಪು, ಹಿತ್ತಾಳೆ ಸ್ವಿವೆಲ್, ಎಡಕ್ಕೂ ಬಲಕ್ಕೂ ತಿರುಗೋ ಬ್ರ್ಯಾಕೆಟ್ ಇರೋ ರೀಲು. 4,400 ಹೇಳಿದರು, 3,950ಕ್ಕೆ ಕೊಟ್ಟರು. ಹೆಸರು ಕೇಳಬೇಡಿ. ಮೂರು ಅಂಗಡಿಯಲ್ಲಿ ಮೂರು ಹೆಸರಿನ ಸ್ಟಿಕ್ಕರ್ ಹೊತ್ತು ಅದೇ ಡಬ್ಬಿ ಕೂತಿತ್ತು.

ರೀಲು ಕೊಳ್ಳೋಕಿಂತ ಹೆಚ್ಚು ವಾದ ಆದದ್ದು ಅದನ್ನ ಎಲ್ಲಿ, ಹೇಗೆ ತೂಗು ಹಾಕಬೇಕು ಅನ್ನೋದಕ್ಕೆ. ಡಬ್ಬಿಯ ಜೊತೆ ಬಂದದ್ದು ನಾಲ್ಕು ಪ್ಲಾಸ್ಟಿಕ್ ಪ್ಲಗ್ಗು, ನಾಲ್ಕು ಸ್ಕ್ರೂ. ಶೆಡ್ಡಿನ ಗೋಡೆ ನಾಲ್ಕಿಂಚಿನ ಹಾಲೋ ಬ್ಲಾಕು. ಪ್ಲಗ್ಗು ಟೊಳ್ಳಿಗೆ ಹೋಗಿ ತಿರುಗ್ತಾ ಕೂರುತ್ತೆ. ರೀಲಿನ ತೂಕ ಏಳು ಕೆಜಿ ಇರಬಹುದು, ಗೋಡೆಗೆ ಅದೇನೂ ಭಾರವಲ್ಲ. ಆದರೆ ಅದು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಚಾಚಿಕೊಂಡಿದೆ, ಅದರ ಮೇಲೆ ಮನುಷ್ಯ ದಿನಕ್ಕೆ ಮೂವತ್ತು ಸಲ ಜಗ್ಗುತ್ತಾನೆ, ಪೈಪು ಎಲ್ಲಾದರೂ ಸಿಕ್ಕಿಕೊಂಡರೆ ಪೂರ್ತಿ ಮೈಭಾರ ಹಾಕಿ ಜಗ್ಗುತ್ತಾನೆ. ಮೇಲಿನ ಎರಡು ಬೋಲ್ಟು ಕಿತ್ತು ಬಂದರೆ ಡಬ್ಬಿ ನೇರ ತಲೆ ಮೇಲೆ. ಅದಕ್ಕೇ ಮನೆ ಕಡೆ ಗೋಡೆಯ ಲಿಂಟಲ್ ಆರಿಸಿಕೊಂಡೆವು. ಅದು ಕಾಂಕ್ರೀಟು, ಕಿಟಕಿ ಮೇಲೆ ಹಾದು ಹೋಗಿದೆ, ನೆಲದಿಂದ ಏಳಡಿ. ಲಿಂಟಲಿನ ಕಂಬಿ ಕೆಳ ಅಂಚಿನ ಹತ್ತಿರ ಇರುತ್ತೆ, ಹಾಗಾಗಿ ನಡು ಎತ್ತರದಲ್ಲಿ ತೂತು ಹೊಡೆದು ಆಂಕರ್ ಬೋಲ್ಟ್ ಹಾಕಿದೆವು. ಬ್ರ್ಯಾಕೆಟ್ಟಿನ ತೂತು ಆ ಎತ್ತರಕ್ಕೆ ಕೂರಲಿಲ್ಲ, ನಡುವೆ ಒಂದು ಎಂಎಸ್ ಫ್ಲಾಟು ಬೆಸುಗೆ ಹಾಕಿಸಿಕೊಂಡದ್ದಾಯಿತು.

ಏಳಡಿ ಮೇಲಿಟ್ಟದ್ದರ ಲಾಭ ಇನ್ನೊಂದು. ಪೈಪು ಮೇಲಿಂದ ಇಳಿದು ಕೈಗೆ ಬರುತ್ತೆ, ನೆಲ ಮುಟ್ಟೋದು ಜಗಲಿವರೆಗೆ ಎಳೆದಾಗ ಮಾತ್ರ. ಕೆಳಕ್ಕೆ ಜಗ್ಗುವಾಗ ಬಲಗೈ ಒಂದೇ ಸಾಕು, ಮೈಭಾರವೂ ಸಹಾಯಕ್ಕೆ ಬರುತ್ತೆ. ಪೈಪಿನ ತುದಿಯ ರಬ್ಬರ್ ಚೆಂಡನ್ನ ಸರಿಸಿ, ಗನ್ನು ಅಪ್ಪಾಜಿಯ ಎದೆ ಮಟ್ಟಕ್ಕೆ ನೇತಾಡೋ ಹಾಗೆ ಬಿಗಿದೆವು. ಕಂಪ್ರೆಸರಿನಿಂದ ರೀಲಿಗೆ ಹೋಗೋ ಪೈಪು ಗೋಡೆ ಹಿಡಿದು ಮೇಲಿಂದಲೇ ಹೋಗುತ್ತೆ. ರೀಲಿನ ಜೊತೆ ಬಂದ ಒಂದು ಮೀಟರ್ ತುಂಡು ಸಾಲಲಿಲ್ಲ, ಅದರ ಬದಲು ಅದೇ 8×12 ಪೈಪು ಮೂರು ಮೀಟರ್ ಹಾಕಿದೆವು. ಈ ತುಂಡು ಕಿರಿದಾದರೆ ರೀಲಿನೊಳಗೆ ಎಷ್ಟು ದಪ್ಪ ಇದ್ದರೂ ಪ್ರಯೋಜನವಿಲ್ಲ. ಟ್ಯಾಂಕಿನ ಬಾಯಿಗೆ ಒಂದು ಬಾಲ್ ವಾಲ್ವ್. ರಾತ್ರಿ ಅದನ್ನ ಮುಚ್ಚಿ, ಪೈಪಿನ ಗಾಳಿ ಬಿಟ್ಟು ಮಲಗಬೇಕು. ಓ-ರಿಂಗಿಗೂ ಪೈಪಿಗೂ ಇಪ್ಪತ್ತನಾಲ್ಕು ಗಂಟೆ ಒತ್ತಡ ಯಾಕೆ? ಟ್ಯಾಂಕಿನ ಅಡಿಯ ನೀರು ಬಿಡೋದೂ ಆಗಲೇ. ಆ ನೀರು ಪೈಪಿಗೆ ಬಂದರೆ ಪಾಲಿಶ್ ಮೇಲೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತೆ.

ಸೋರಿಕೆ ನೋಡೋಕೆ ಲ್ಯಾಬು ಬೇಡ. ಟ್ಯಾಂಕು 6 ಬಾರಿಗೆ ತುಂಬಿಸಿ, ಮೋಟಾರ್ ಆಫ್ ಮಾಡಿ, ಅರ್ಧ ಗಂಟೆ ಚಹಾ ಕುಡಿದು ಬಂದು ಗೇಜು ನೋಡಿ. 50 ಲೀಟರ್ ಟ್ಯಾಂಕಿನಲ್ಲಿ ಒಂದು ಬಾರ್ ಇಳಿದರೆ 50 ಲೀಟರ್ ಗಾಳಿ ಹೋಯಿತು ಅಂತ ಲೆಕ್ಕ. ನಮ್ಮದರಲ್ಲಿ ಅರ್ಧ ಬಾರ್ ಇಳಿದಿತ್ತು. ಶಾಂಪೂ ನೀರು ಬಳಿದರೆ ಗುಳ್ಳೆ ಎದ್ದದ್ದು ಬಾಲ್ ವಾಲ್ವಿನ ತ್ರೆಡ್ಡಲ್ಲಿ, ಸ್ವಿವೆಲ್ಲಿನಲ್ಲಿ ಅಲ್ಲ. ಬಿಚ್ಚಿ, ಟೇಪು ಸುತ್ತಿ, ಬಿಗಿದ ಮೇಲೆ ಮುಳ್ಳು ಕದಲಲಿಲ್ಲ ಅನ್ನೋಷ್ಟು.

ಸ್ಪ್ರಿಂಗ್ ರೀಲಿಗೆ ಒಂದು ಕೆಟ್ಟ ಚಾಳಿ ಇದೆ, ಮಾರೋರು ಹೇಳಲ್ಲ. ಲಾಕ್ ಬಿಡಿಸಿ ಪೈಪನ್ನ ಕೈಬಿಟ್ಟರೆ ತುದಿಯ ಹಿತ್ತಾಳೆ ಕಪ್ಲರ್ ಶೆಡ್ಡು ತುಂಬ ಚಾಟಿ ಬೀಸ್ತಾ ಓಡುತ್ತೆ. ಮಕ್ಕಳ ಮುಖದ ಎತ್ತರವೂ ಅದೇ. ಹಿಡಿದುಕೊಂಡೇ ರೀಲಿನವರೆಗೆ ನಡೆದು ಬಿಡಬೇಕು. ಕೆಲವು ದುಬಾರಿ ರೀಲುಗಳಲ್ಲಿ ವೇಗ ತಡೆಯೋ ಏರ್ಪಾಡು ಇದೆ, ನಮ್ಮ ದುಡ್ಡಿಗೆ ಅದು ಬರಲ್ಲ. ಲಾಕೂ ಒಮ್ಮೊಮ್ಮೆ ಕಚ್ಚಲ್ಲ, ಒಂದು ಗೇಣು ಜಾಸ್ತಿ ಎಳೆದು ನಿಧಾನಕ್ಕೆ ಬಿಟ್ಟರೆ ಕಚ್ಚುತ್ತೆ. ಇದಕ್ಕೆ ಅಪ್ಪಾಜಿ ಮೊದಲ ವಾರ ಬೈದರು, ಈಗ ಕೈಗೆ ಗೊತ್ತಾಗಿದೆ.

ಲೆಕ್ಕ ಇಷ್ಟು: ರೀಲು 3,950, ಆಂಕರ್ ಬೋಲ್ಟು, ಫ್ಲಾಟು 180, ಮೂರು ಮೀಟರ್ ಪೈಪು, ಕ್ಲಿಪ್ಪು 240, ಕಪ್ಲರು ಎರಡು ಜೊತೆ 220, ಬಾಲ್ ವಾಲ್ವ್ 160, ಟೇಪು 20. ಒಟ್ಟು 4,770. ಹಾಕಿ ನಾಲ್ಕು ತಿಂಗಳಾಯಿತು. ನಡುವೆ ಗಣೇಶನ ಹಬ್ಬದ ಹಿಂದಿನ ವಾರ ಒಂದೇ ದಿನ ಎರಡು ಸೋಫಾ ಮುಗಿಸಿದರಂತೆ. ಅಮ್ಮ ಫೋನಲ್ಲಿ ಹೇಳಿದ್ದು ಅದಲ್ಲ, ಬಕೆಟ್ ಹಿಡಿದು ಹೋಗುವಾಗ ಈಗಲೂ ಆ ಜಾಗದಲ್ಲಿ ಕಾಲು ತಾನಾಗೇ ಮೇಲೆತ್ತುತ್ತೆ ಅಂತ. ಪೈಪಿನ ಮೈ ಡಬ್ಬಿಯ ಬಾಯಲ್ಲಿ ಉಜ್ಜಿ ಸ್ವಲ್ಪ ಮಾಸಿದೆ, ಅಲ್ಲಿರೋ ಪ್ಲಾಸ್ಟಿಕ್ ರೋಲರ್ ಒಂದು ಸರಿಯಾಗಿ ತಿರುಗ್ತಿಲ್ಲ, ಮುಂದಿನ ಸಲ ಹೋದಾಗ ನೋಡಬೇಕು. ಸ್ವಿವೆಲ್ಲಿಗೆ ಹೊಂದೋ ಓ-ರಿಂಗ್ ಎರಡು 30 ರೂಪಾಯಿಗೆ ತಂದು ಪಿನ್ನಿನ ಡಬ್ಬದಲ್ಲಿ ಹಾಕಿಟ್ಟಿದ್ದೇವೆ. ಡಬ್ಬದ ಮುಚ್ಚಳದ ಮೇಲೆ ಅಳತೆಯನ್ನ ಮಾರ್ಕರಿನಲ್ಲಿ ಬರೆದಿದೆ, ನಾವು ಊರಲ್ಲಿ ಇಲ್ಲದಾಗ ಅಪ್ಪಾಜಿಯೇ ಅಂಗಡಿಗೆ ಹೋಗಿ ತೋರಿಸೋ ಹಾಗೆ.